ಮೂರು ತಾಲೂಕು, ಮೂರು ಬಣ್ಣ: ಮಳೆಯ ಡೆನ್ಸಿಟಿ ಪ್ಲಾಟ್

ಜೂನ್ ಬಂದರೆ ನಮ್ಮ ಹಾಸ್ಟೆಲಿನಲ್ಲಿ ಒಂದೇ ಚರ್ಚೆ: ಮಳೆ ಜಾಸ್ತಿ ಬೆಳ್ತಂಗಡಿಯಲ್ಲಾ, ಮೂಡುಬಿದಿರೆಯಲ್ಲಾ, ಬಂಟ್ವಾಳದಲ್ಲಾ? ಸರಾಸರಿ ತೆಗೆದು ಮುಗಿಸುವ ಅಂದುಕೊಂಡೆವು. ಆದರೆ ಒಂದೂರಲ್ಲಿ ಐದು ದಿನವೂ 20 ಮಿ.ಮೀ. ಸುರಿಯಿತು, ಇನ್ನೊಂದೂರಲ್ಲಿ ನಾಲ್ಕು ದಿನ ಬಿಸಿಲು, ಐದನೇ ದಿನ 100 ಮಿ.ಮೀ. ಎಂದಿಟ್ಟುಕೊಳ್ಳಿ. ಸರಾಸರಿ ಎರಡಕ್ಕೂ 20. ತೋಡು ತುಂಬಿ ಅಂಗಳಕ್ಕೆ ನೀರು ಬರುವುದು ಮಾತ್ರ ಎರಡನೇ ಊರಲ್ಲಿ. ಹಾಗಾಗಿ ಮಳೆ ಹೇಗೆ ಹಂಚಿಹೋಗಿದೆ ಎಂದು ನೋಡಬೇಕು.

ಡೆನ್ಸಿಟಿ ಪ್ಲಾಟ್ ಅಂದ್ರೆ ಎಂತ?

ಪ್ರತಿ ದಿನದ ಅಳತೆಯ ಮೇಲೆ ಒಂದೊಂದು ಸಣ್ಣ ದಿಬ್ಬ ಇಡಿ. ಎಲ್ಲವನ್ನೂ ಕೂಡಿಸಿದರೆ ನಯವಾದ ಗೆರೆ ಸಿಗ್ತದೆ. ಗೆರೆ ಎತ್ತರ ಇದ್ದಲ್ಲಿ ಅಷ್ಟು ಮಳೆ ಬಂದ ದಿನಗಳು ಹೆಚ್ಚು. ತಾಲೂಕಿಗೊಂದು ತೆಳು ಬಣ್ಣ ಕೊಟ್ಟು ಒಂದರ ಮೇಲೊಂದು ಇಟ್ಟರೆ, ಎಲ್ಲಿ ಮೂರೂ ಒಂದೇ, ಎಲ್ಲಿ ಬೇರೆ ಎಂಬುದು ಕಾಣ್ತದೆ. ಪೈಥಾನ್‌ನ ಸೀಬಾರ್ನ್ ಲೈಬ್ರರಿಯಲ್ಲಿ ಕೆಡಿಇಪ್ಲಾಟ್ ಕರೆದು, 'ಹ್ಯೂ'ಗೆ ತಾಲೂಕಿನ ಕಾಲಂ ಕೊಟ್ಟು, 'ಫಿಲ್' ಆನ್ ಮಾಡಿ, 'ಆಲ್ಫಾ' 0.3 ಇಟ್ಟರೆ ಸಾಕು.

ಎಡವುವ ಮೂರು ಜಾಗ

ಮೊದಲನೆಯದು ವಿಸ್ತೀರ್ಣ. ಸೀಬಾರ್ನ್ ತಾನಾಗಿ ಮೂರೂ ಗುಂಪಿನ ಒಟ್ಟು ವಿಸ್ತೀರ್ಣವನ್ನು 1 ಮಾಡ್ತದೆ. ಆಗ ಹೆಚ್ಚು ಮಳೆಮಾಪಕ ಇರುವ ತಾಲೂಕೇ ದೊಡ್ಡದಾಗಿ ಕಾಣ್ತದೆ, ಮಳೆ ಅಷ್ಟೇ ಇದ್ದರೂ. 'ಕಾಮನ್ ನಾರ್ಮ್' ಆಫ್ ಮಾಡಿ.

ಎರಡನೆಯದು ಸೊನ್ನೆಯ ಅಂಚು. ಗೆರೆ ಸೊನ್ನೆಯಿಂದ ಎಡಕ್ಕೂ ಹಬ್ಬಿ ಮೈನಸ್ ಮಳೆ ತೋರಿಸ್ತದೆ! 'ಕಟ್' 0 ಇಟ್ಟರೆ ಗೆರೆ ಡೇಟಾದ ಅಂಚಲ್ಲೇ ನಿಲ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಂದದ್ದು ಮಾತ್ರ ಮಳೆಯ ದಿನ. ಅದಕ್ಕಿಂತ ಕಡಿಮೆಯ ದಿನಗಳನ್ನು ಪ್ರತ್ಯೇಕ ಎಣಿಸಿ ಬರೆಯಿರಿ.

ಮೂರನೆಯದು ದಿಬ್ಬದ ಅಗಲ, ಅಂದರೆ ಬ್ಯಾಂಡ್‌ವಿಡ್ತ್. ಕಿರಿದಾದರೆ ಗೆರೆ ಗರಗಸದ ಹಲ್ಲು; ಅಗಲವಾದರೆ ಮೂರು ತಾಲೂಕೂ ಒಂದೇ ಗುಡ್ಡ. 'ಬಿಡಬ್ಲ್ಯೂ ಅಡ್ಜಸ್ಟ್' 0.5, 1, 2 ಮೂರನ್ನೂ ಹಾಕಿ ನೋಡಿ.

ಬಾಲವನ್ನು ಮರೆಯಬೇಡಿ

ಕಣ್ಣು ಹೋಗುವುದು ಗೆರೆಯ ಶಿಖರಕ್ಕೆ. ನೆರೆ ಇರುವುದು ಬಲಗಡೆಯ ಬಾಲದಲ್ಲಿ. ದಿನಕ್ಕೆ 204.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಸುರಿದರೆ ಇಲಾಖೆ ಅತ್ಯಂತ ಭಾರಿ ಮಳೆ ಎನ್ನುತ್ತದೆ. ಅಂಥ ದಿನಗಳು ಬೆರಳೆಣಿಕೆ. ಗೆರೆ ಅಲ್ಲಿ ನೆಲ ಹಿಡಿದಿರ್ತದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕಡೆ ಗುಡ್ಡ ಕುಸಿದು ಬೆಳ್ತಂಗಡಿಯ ಹಳ್ಳಿಗಳು ನಲುಗಿದ್ದು ಇಂಥ ಮಳೆಗಾಲದ ದಿನಗಳಲ್ಲೇ. ಆ ಘಟ್ಟದ ನೀರು ನೇತ್ರಾವತಿ ಸೇರಿ ಇಳಿಯುವುದು ಬಂಟ್ವಾಳಕ್ಕೆ. 1923ರ ಮಾರಿಬೊಳ್ಳ, 1974ರ ನೆರೆ ಇನ್ನೂ ಹಿರಿಯರ ಬಾಯಲ್ಲಿ ಉಂಟು. ಅಂದರೆ ಬಂಟ್ವಾಳದವರು ತಮ್ಮ ಬಣ್ಣವನ್ನಷ್ಟೇ ನೋಡಿದರೆ ಸಾಲದು, ಬೆಳ್ತಂಗಡಿಯ ಬಾಲವನ್ನೂ ನೋಡಬೇಕು. ಅದಕ್ಕೆ ನಾವು ಗೆರೆಯ ಕೆಳಗೆ ರಗ್‌ಪ್ಲಾಟ್ ಹಾಕ್ತೇವೆ: ಒಂದು ಅಳತೆಗೆ ಒಂದು ಕಡ್ಡಿ. 204.5ರಲ್ಲಿ ಉದ್ದ ಗೀಟು ಎಳೆದು, ಅದರ ಬಲಕ್ಕೆ ಎಷ್ಟು ಕಡ್ಡಿ ಎಂದು ಪಕ್ಕದಲ್ಲೇ ಬರೆಯುತ್ತೇವೆ.

ಅಡಿಕೆ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಟ್ಟ ಪುಸ್ತಕ ಇರ್ತದೆ. ಈ ರಜೆಯಲ್ಲಿ ಅದನ್ನು ತೆರೆದು ನಿಮ್ಮೂರಿನ ಗೆರೆ ಎಳೆದು ಕಳಿಸಿ. ನಮ್ಮ ಮೂರು ಬಣ್ಣದ ಜೊತೆ ನಾಲ್ಕನೆಯದಾಗಿ ಸೇರಿಸುವ.