ಭಾರ ಮತ್ತು ಪದಾರ್ಥ: ಗೋಡೆ ಏಕೆ ಬೀಳುತ್ತದೆ?



“ಕಲ್ಲು ಗಟ್ಟಿಯೋ, ಕಬ್ಬಿಣ ಗಟ್ಟಿಯೋ?” ಎಂದು ಯಾರಾದರೂ ಕೇಳಿದರೆ ಕೂಡಲೇ ಉತ್ತರ ಹೇಳಬೇಡಿ. “ಯಾವ ಬಗೆಯ ಭಾರಕ್ಕೆ?” ಎಂದು ಮರುಪ್ರಶ್ನೆ ಹಾಕಿರಿ. ಒಂದೇ ಪದಾರ್ಥವು ಒಂದು ಬಗೆಯ ಭಾರವನ್ನು ಸುಲಭವಾಗಿ ತಾಳಿ, ಇನ್ನೊಂದು ಬಗೆಯ ಭಾರಕ್ಕೆ ತಟ್ಟನೆ ಸೋಲಬಹುದು. ಈ ಸಣ್ಣ ಮಾತನ್ನು ತಿಳಿಯುವುದು ಪರೀಕ್ಷೆಗಾಗಿ ಮಾತ್ರವಲ್ಲ, ಪ್ರಾಣ ಉಳಿಸಿಕೊಳ್ಳುವುದಕ್ಕೂ ಅವಶ್ಯ. ಮುರುಮ, ಉಮರ್ಗಾ, ನಿಲಂಗಾ ಭಾಗದವರಾದ ನಮಗೆ ಇದು ಹೆಚ್ಚು ಅನ್ವಯಿಸುತ್ತದೆ.

1. ಪೀಡನ ಮತ್ತು ವಿಕೃತಿ

ಒಂದು ವಸ್ತುವಿನ ಮೇಲೆ ಬೀಳುವ ಬಲವನ್ನು ಅದನ್ನು ಹೊರುವ ಕ್ಷೇತ್ರಫಲದಿಂದ ಭಾಗಿಸಿದರೆ ಬರುವುದೇ ಪೀಡನ. ಆ ಬಲದಿಂದ ವಸ್ತುವಿನ ಉದ್ದದಲ್ಲಿ ಆದ ಬದಲಾವಣೆಯನ್ನು ಮೂಲ ಉದ್ದದಿಂದ ಭಾಗಿಸಿದರೆ ಬರುವುದು ವಿಕೃತಿ. ಒಂದು ಮಿತಿಯವರೆಗೆ ಪೀಡನ ಹೆಚ್ಚಿದಂತೆ ವಿಕೃತಿಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ 1678ರಲ್ಲಿ ಈ ನಿಯಮವನ್ನು ವಿವರಿಸಿ ಪ್ರಕಟಿಸಿದನು. ಈ ಮಿತಿಯೊಳಗೆ ಭಾರ ತೆಗೆದರೆ ವಸ್ತು ಮೊದಲಿನಂತಾಗುತ್ತದೆ. ಇದೇ ಸ್ಥಿತಿಸ್ಥಾಪಕತ್ವ.

2. ಭಾರದ ಮೂರು ಬಗೆ

ವಸ್ತುವನ್ನು ಒತ್ತಬಹುದು, ಎಳೆಯಬಹುದು, ಬಾಗಿಸಬಹುದು. ಬಾಗಿಸುವುದೆಂದರೆ ಮೊದಲಿನ ಎರಡೂ ಕೂಡಿದ್ದು. ತೊಲೆಯೊಂದು ಭಾರದಿಂದ ಬಾಗಿದಾಗ ಅದರ ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ.

ಈಗ ನಮ್ಮ ಕರಿಕಲ್ಲನ್ನು ನೋಡೋಣ. ಒಳ್ಳೆಯ ಕರಿಕಲ್ಲು ಪ್ರತಿ ಚದರ ಮಿಲಿಮೀಟರಿಗೆ 100 ನ್ಯೂಟನ್‌ಗಿಂತ ಹೆಚ್ಚಿನ ಒತ್ತಡವನ್ನು ತಾಳಬಲ್ಲದು. ಮೂರು ಮೀಟರ್ ಎತ್ತರದ ಕಲ್ಲಿನ ಗೋಡೆ ತನ್ನ ಭಾರದಿಂದ ತಳದ ಕಲ್ಲಿನ ಮೇಲೆ ಹಾಕುವ ಪೀಡನ ಸುಮಾರು 0.07 ನ್ಯೂಟನ್ ಮಾತ್ರ. ಎಂದರೆ ಕಲ್ಲಿಗೆ ಸಾವಿರ ಪಟ್ಟು ಮಿಗಿಲಾದ ಶಕ್ತಿ ಇದೆ! ಆದರೆ ಎಳೆತದಲ್ಲಿ ಕಲ್ಲಿನ ಬಲ ಒತ್ತಡದ ಬಲದ ಹತ್ತರಲ್ಲಿ ಒಂದು ಪಾಲು ಇರುವುದೂ ಕಷ್ಟ. ಹಳೆಯ ಕಲ್ಲಿನ ದೇಗುಲಗಳಲ್ಲಿ ಕಂಬಗಳು ಹತ್ತಿರ ಹತ್ತಿರ ಇರುವುದಕ್ಕೆ ಇದೇ ಕಾರಣ. ಕಲ್ಲಿನ ತೊಲೆಯನ್ನು ಉದ್ದವಾಗಿ ಚಾಚಿದರೆ ಕೆಳಭಾಗ ಎಳೆತ ತಾಳದೆ ಸೀಳುತ್ತದೆ. ಕಲ್ಲುಗಳ ನಡುವೆ ಹಾಕುವ ಕೆಸರಿನ ಗಾರೆಗಂತೂ ಎಳೆತ ತಾಳುವ ಶಕ್ತಿ ಇಲ್ಲವೆಂದೇ ಹೇಳಬೇಕು.

3. ತನ್ಯತೆ ಮತ್ತು ಭಿದುರತೆ

ಬೀಡು ಕಬ್ಬಿಣದ ವಸ್ತು ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಒಡೆಯಬಹುದು. ಮೆದು ಕಬ್ಬಿಣದ ಸರಳು ಬಿದ್ದರೆ ಹೆಚ್ಚೆಂದರೆ ಸೊಟ್ಟಗಾಗುತ್ತದೆ. ಮುನ್ಸೂಚನೆ ಇಲ್ಲದೆ ಒಡೆಯುವ ಗುಣವೇ ಭಿದುರತೆ. ತುಂಡಾಗುವ ಮುನ್ನ ಹಿಗ್ಗುವ ಗುಣವೇ ತನ್ಯತೆ.

12 ಮಿ.ಮೀ. ದಪ್ಪದ ಮೆದು ಉಕ್ಕಿನ ಸರಳಿನ ಲೆಕ್ಕ ಮಾಡೋಣ. ಅದರ ಕ್ಷೇತ್ರಫಲ ಸುಮಾರು 113 ಚದರ ಮಿ.ಮೀ. ಈ ಉಕ್ಕು ಪ್ರತಿ ಚದರ ಮಿ.ಮೀ.ಗೆ ಸುಮಾರು 250 ನ್ಯೂಟನ್ ಬಲದವರೆಗೆ ಸ್ಥಿತಿಸ್ಥಾಪಕವಾಗಿರುತ್ತದೆ. ಗುಣಿಸಿದರೆ 28,250 ನ್ಯೂಟನ್, ಎಂದರೆ ಸುಮಾರು 28 ಕ್ವಿಂಟಲ್ ಭಾರ. ಕಿರುಬೆರಳಿನಷ್ಟು ದಪ್ಪದ ಸರಳು 28 ಕ್ವಿಂಟಲ್ ಜೋಳವನ್ನು ತೂಗಿ ಹಿಡಿಯಬಲ್ಲದು! ಆ ಮಿತಿ ದಾಟಿದರೂ ಅದು ಕೂಡಲೇ ತುಂಡಾಗದು, ಮೂಲ ಉದ್ದದ ಐದರಲ್ಲಿ ಒಂದು ಭಾಗದಷ್ಟು ಹಿಗ್ಗಿ ಆಮೇಲೆ ತುಂಡಾಗುತ್ತದೆ. ಆ ಹಿಗ್ಗುವಿಕೆಯಲ್ಲಿ ಬಹಳಷ್ಟು ಶಕ್ತಿ ಹೀರಲ್ಪಡುತ್ತದೆ.

4. 1993ರ ಪಾಠ

1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಲಾತೂರ್ ಮತ್ತು ಅಂದಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಭೂಮಿ ನಡುಗಿತು. ಗಣೇಶ ವಿಸರ್ಜನೆ ಮುಗಿಸಿ ಬಂದ ಜನ ಮನೆಗಳಲ್ಲಿ ಮಲಗಿದ್ದರು. ಕಿಲ್ಲಾರಿ, ಸಾಸ್ತೂರು ಮೊದಲಾದ ಊರುಗಳು ನೆಲಸಮವಾದವು. 7,900ಕ್ಕೂ ಹೆಚ್ಚು ಜನ ಮಡಿದರು. ಆ ಭೂಕಂಪದ ಪ್ರಮಾಣ ಸುಮಾರು 6.2. ಇಷ್ಟು ಪ್ರಮಾಣದ ಭೂಕಂಪ ಬೇರೆ ಕಡೆಗಳಲ್ಲಿ ಇಷ್ಟೊಂದು ಜೀವಗಳನ್ನು ತೆಗೆದುಕೊಳ್ಳದೆ ಹೋದದ್ದೂ ಉಂಟು. ಹಾಗಾದರೆ ಇಲ್ಲಿ ಕೊಂದದ್ದು ಯಾವುದು?

ಉತ್ತರ ನಮ್ಮ ಮನೆಗಳಲ್ಲಿಯೇ ಇದೆ. ಎರಡು ಅಡಿಗೂ ಮಿಕ್ಕಿದ ದಪ್ಪದ ಗೋಡೆಯಲ್ಲಿ ಒಳಮುಖಕ್ಕೊಂದು, ಹೊರಮುಖಕ್ಕೊಂದು ಕಲ್ಲಿನ ಸಾಲು. ನಡುವೆ ಜಲ್ಲಿಕಲ್ಲು, ಮಣ್ಣು. ಎರಡೂ ಸಾಲುಗಳನ್ನು ಹಿಡಿದಿಡುವ ಉದ್ದಗಲ್ಲು ಇಲ್ಲ. ಮೇಲೆ ಜಂತಿ, ಹಲಗೆ, ಅದರ ಮೇಲೆ ಮಣ್ಣಿನ ಮಾಳಿಗೆ. ಮಳೆ ಸೋರಬಾರದೆಂದು ಆಗಾಗ ಹೊಸ ಮಣ್ಣು ಹಾಕಿ ಮಾಳಿಗೆ ದಪ್ಪವಾಗುತ್ತ ಹೋಗುತ್ತದೆ. ಐದು ಮೀಟರ್ ಉದ್ದ, ಮೂರು ಮೀಟರ್ ಅಗಲದ ಕೋಣೆಯ ಮೇಲೆ ಅರ್ಧ ಮೀಟರ್ ಮಣ್ಣಿದ್ದರೆ ಅದರ ಭಾರ ಸುಮಾರು 12 ಟನ್!

ಭೂಮಿ ಸುಮ್ಮನಿದ್ದಾಗ ಈ ಭಾರವೆಲ್ಲ ಕೆಳಮುಖವಾದ ಒತ್ತಡ. ಅದಕ್ಕೆ ಕಲ್ಲು ಅಂಜುವುದಿಲ್ಲ. ಭೂಮಿ ಅಡ್ಡಡ್ಡ ಅಲುಗಿದಾಗ ಮಾತ್ರ ಗೋಡೆ ಬಾಗುತ್ತದೆ, ಎಳೆತ ಹುಟ್ಟುತ್ತದೆ. ಬಲವೆಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ ಎಂದು ನೀವು ಓದಿದ್ದೀರಿ. ಆದ್ದರಿಂದ ಮನೆ ಭಾರವಾದಷ್ಟೂ ಅಡ್ಡ ಬಲ ಹೆಚ್ಚು. ಕೆಸರು ಬಿಟ್ಟುಕೊಟ್ಟಿತು, ಎರಡು ಸಾಲುಗಳು ಬೇರೆಯಾದವು, ಕಲ್ಲು ಮಣ್ಣು ಮಲಗಿದವರ ಮೇಲೆ ಸುರಿಯಿತು. ಎಷ್ಟೋ ಮನೆಗಳಲ್ಲಿ ಗೋಡೆ ಬಿದ್ದರೂ ಮರದ ಕಂಬ, ತೊಲೆಗಳ ಚೌಕಟ್ಟು ನಿಂತೇ ಇತ್ತು. ಮರವು ಎಳೆತವನ್ನೂ ಬಾಗುವಿಕೆಯನ್ನೂ ತಾಳಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

5. ಏನು ಮಾಡಬೇಕು?

ಭೂಕಂಪದ ನಂತರ 52 ಹಳ್ಳಿಗಳನ್ನು ಹೊಸ ಜಾಗಗಳಲ್ಲಿ ಕಟ್ಟಲಾಯಿತು. ಹಳೆಯ ಮನೆಗಳನ್ನು ಭದ್ರಪಡಿಸುವ ವಿಧಾನಗಳನ್ನೂ ತಜ್ಞರು ಹೇಳಿಕೊಟ್ಟರು. ಅವುಗಳ ಸಾರ ಇಷ್ಟು:

(ಅ) ಮಾಳಿಗೆಯ ಹೆಚ್ಚುವರಿ ಮಣ್ಣನ್ನು ಇಳಿಸಿ ಭಾರ ಕಡಿಮೆ ಮಾಡಬೇಕು.
(ಆ) ಹೊಸ ಕಲ್ಲಿನ ಗೋಡೆ 45 ಸೆಂ.ಮೀ.ಗಿಂತ ದಪ್ಪವಾಗಬಾರದು. ಪ್ರತಿ 60 ಸೆಂ.ಮೀ. ಎತ್ತರಕ್ಕೆ, 1.2 ಮೀಟರಿಗಿಂತ ಹೆಚ್ಚು ಅಂತರ ಬಿಡದೆ, ಗೋಡೆಯ ಎರಡೂ ಮುಖ ಮುಟ್ಟುವ ಉದ್ದಗಲ್ಲು ಇಡಬೇಕು.
(ಇ) ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವಂತೆ, ಎಲ್ಲಿಯೂ ಕಡಿಯದ ಕಾಂಕ್ರೀಟ್ ಪಟ್ಟಿಯನ್ನು ಉಕ್ಕಿನ ಸರಳು ಇಟ್ಟು ಹಾಕಬೇಕು.

ಈ ಪಟ್ಟಿ ಬುಟ್ಟಿಯ ಬಾಯಿಗೆ ಸುತ್ತಿದ ಕಟ್ಟಿನಂತೆ. ಒತ್ತಡವನ್ನು ಕಲ್ಲು ಹೊರುತ್ತದೆ, ಎಳೆತವನ್ನು ಉಕ್ಕು ಹೊರುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

6. ಮಾಡಿ ನೋಡಿರಿ

ಒಂದು ಸೀಮೆಸುಣ್ಣದ ತುಂಡನ್ನು ನೆಟ್ಟಗೆ ನಿಲ್ಲಿಸಿ ಅಂಗೈಯಿಂದ ಒತ್ತಿರಿ, ತಾಳುತ್ತದೆ. ಅದನ್ನೇ ಎರಡೂ ಕೈಯಿಂದ ಬಾಗಿಸಿರಿ, ಫಕ್ಕನೆ ಮುರಿಯುತ್ತದೆ. ಅಷ್ಟೇ ಉದ್ದದ ತಂತಿಯನ್ನು ಬಾಗಿಸಿರಿ, ಬಾಗುತ್ತದೆ, ಮುರಿಯುವುದಿಲ್ಲ. ಈ ಪಾಠವೆಲ್ಲ ಈ ಮೂರು ಪ್ರಯೋಗಗಳಲ್ಲಿ ಅಡಗಿದೆ.

ಅಂದಿನ ನಕ್ಷೆಯಲ್ಲಿ ಕಿಲ್ಲಾರಿ ಭೂಕಂಪದ ಭಯ ಅತಿ ಕಡಿಮೆ ಎನ್ನಲಾದ ಒಂದನೆಯ ವಲಯದಲ್ಲಿತ್ತು. ನಕ್ಷೆ ತಿದ್ದಲ್ಪಟ್ಟಿದೆ, ಮನೆಗಳೂ ತಿದ್ದಲ್ಪಡಬೇಕು. ಪಾಲಕರು ಮನೆ ಕಟ್ಟಿಸುವಾಗ ಗವಂಡಿಯನ್ನು “ಉದ್ದಗಲ್ಲು ಎಲ್ಲಿ? ಪಟ್ಟಿ ಎಲ್ಲಿ?” ಎಂದು ಕೇಳಲಿ. ಅವರು ಮರೆತರೆ ನೆನಪು ಮಾಡುವ ಹೊಣೆ ಮಕ್ಕಳಾದ ನಿಮ್ಮದು. ಓದಿದ ವಿದ್ಯೆ ಮನೆಯ ಗೋಡೆಯೊಳಗೆ ಸೇರಿದಾಗಲೇ ಅದು ಸಾರ್ಥಕ.