ಪುಕ್ಕಟೆ ಬ್ಲಾಗೋ, ಬಾಡಿಗೆ ವೆಬ್‌ಸೈಟೋ? ಸಂಘದ ಹಣ ಹಾಕುವ ಮುನ್ನ ತಿಳಿಯಬೇಕಾದ ಸಂಗತಿಗಳು

ಪಾಠದ ಉದ್ದೇಶ: ಸಂಘದ ವಸ್ತುಗಳ ಮಾರಾಟಕ್ಕೆ ವೆಬ್‌ಸೈಟ್ ಬೇಕೇ, ಬೇಕಾದರೆ ಯಾವ ರೀತಿಯದು, ಅದರ ಹೆಸರು ಮತ್ತು ಪಾಸ್‌ವರ್ಡ್ ಯಾರ ಕೈಯಲ್ಲಿ ಇರಬೇಕು ಎಂಬುದನ್ನು ಸದಸ್ಯರೆಲ್ಲ ಕೂತು ತೀರ್ಮಾನಿಸುವುದು.



ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಚಟ್ನಿಪುಡಿ, ಬಟ್ಟೆ ಚೀಲ, ಕೌದಿ ಹೀಗೆ ನಮ್ಮ ಸಂಘಗಳು ತಯಾರಿಸುವ ವಸ್ತುಗಳನ್ನು ಮೇಳಗಳಲ್ಲಿ ಜನ ಇಷ್ಟಪಟ್ಟು ಕೊಳ್ಳುತ್ತಾರೆ. ಕೊಂಡವರು, "ಇನ್ನೊಂದು ಸಲ ಬೇಕಾದ್ರೆ ಎಲ್ಲಿ ಕೇಳ್ಬೇಕು? ನಿಮ್ದು ವೆಬ್‌ಸೈಟ್ ಇದೆಯಾ?" ಅಂತ ಕೇಳುವುದೂ ಉಂಟು. ಆಮೇಲೆ ಸಭೆಯಲ್ಲಿ ಮಾತು ಶುರುವಾಗುತ್ತದೆ. ಒಬ್ಬರು, "ಬ್ಲಾಗ್ ಪುಕ್ಕಟೆ ಸಿಗುತ್ತಂತೆ, ಅದೇ ಸಾಕು" ಅನ್ನುತ್ತಾರೆ. ಇನ್ನೊಬ್ಬರು, "ಪುಕ್ಕಟೆದು ಬೇಡಕ್ಕ, ನಾಲ್ಕು ಕಾಸು ಖರ್ಚಾದ್ರೂ ಚೆನ್ನಾಗಿರೋದನ್ನೇ ಮಾಡಿಸೋಣ" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಥವಿದೆ. ಆದರೆ ಖರ್ಚಾಗುವುದು ನೀವು ವಾರ ವಾರ ಕೂಡಿಟ್ಟ ಹಣ. ಹಾಗಾಗಿ ಯಾರೋ ಹೇಳಿದರು ಅಂತ ಮಾಡದೆ, ತಿಳಿದುಕೊಂಡು ಮಾಡೋಣ.

1. ಎರಡಕ್ಕೂ ಏನು ವ್ಯತ್ಯಾಸ?

ಸಂತೆಯನ್ನೇ ನೆನೆಸಿಕೊಳ್ಳಿ. ಒಬ್ಬರ ಅಂಗಡಿಯ ಜಗಲಿಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂರಲು ಅವರು ಜಾಗ ಕೊಡುತ್ತಾರೆ, ಬಾಡಿಗೆ ಕೇಳುವುದಿಲ್ಲ. ಆದರೆ ಜಗಲಿ ಅವರದು. ಅವರ ಬೋರ್ಡೇ ಮೇಲಿರುತ್ತದೆ. ನಾಳೆ ಅವರು ಅಂಗಡಿ ಮುಚ್ಚಿದರೆ ನಾವೂ ಏಳಬೇಕು. ಪುಕ್ಕಟೆ ಬ್ಲಾಗ್ ಹೀಗೆ.

ಇನ್ನೊಂದು, ತಿಂಗಳಿಗೋ ವರ್ಷಕ್ಕೋ ಬಾಡಿಗೆ ಕೊಟ್ಟು ಹಿಡಿಯುವ ಮಳಿಗೆ. ನಮ್ಮ ಬೋರ್ಡ್ ಹಾಕಬಹುದು, ಕಪಾಟು ಜೋಡಿಸಬಹುದು, ಗಲ್ಲಾಪೆಟ್ಟಿಗೆ ಇಡಬಹುದು. ಆದರೆ ಬಾಡಿಗೆ ನಿಲ್ಲಿಸಿದ ದಿನ ಆ ಅನುಕೂಲಗಳೂ ನಿಲ್ಲುತ್ತವೆ. ಹಣ ಕೊಟ್ಟು ಮಾಡುವ ವೆಬ್‌ಸೈಟ್ ಹೀಗೆ. ಎರಡೂ ಸ್ವಂತ ಮನೆಯಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

2. ಪುಕ್ಕಟೆ ಸಿಗುವುದರಲ್ಲಿ ಏನಿದೆ, ಏನಿಲ್ಲ?

ಬ್ಲಾಗರ್ ಎಂಬುದು 1999ರಲ್ಲಿ ಶುರುವಾದದ್ದು. 2003ರಲ್ಲಿ ಅದನ್ನು ಗೂಗಲ್ ಕೊಂಡುಕೊಂಡಿತು. ಒಂದು ಜಿಮೇಲ್ ಖಾತೆ ಇದ್ದರೆ ಸಾಕು, ಮೊಬೈಲಿನಲ್ಲೇ ಕನ್ನಡದಲ್ಲಿ ಬರೆದು, ಫೋಟೋ ಹಾಕಿ, ಬೆಲೆಪಟ್ಟಿ ಇಡಬಹುದು. ವಿಳಾಸದ ಕೊನೆಯಲ್ಲಿ "ಬ್ಲಾಗ್‌ಸ್ಪಾಟ್ ಡಾಟ್ ಕಾಮ್" ಅಂತ ಇರುತ್ತದೆ. ಅದು ಬೇಡ, ಸಂಘದ ಹೆಸರೇ ಇರಲಿ ಅಂದರೆ, ಹೆಸರನ್ನು ಬೇರೆ ಕಡೆ ಕೊಂಡು ಇದಕ್ಕೆ ಜೋಡಿಸಬಹುದು. ಜೋಡಿಸುವುದಕ್ಕೆ ಬ್ಲಾಗರ್‌ಗೆ ಹಣ ಕೊಡಬೇಕಿಲ್ಲ. ಇದು ನಮ್ಮಂಥ ಚಿಕ್ಕ ಸಂಘಗಳಿಗೆ ದೊಡ್ಡ ಅನುಕೂಲ.

ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲೂ ಪುಕ್ಕಟೆ ಜಾಗ ಸಿಗುತ್ತದೆ. ಆದರೆ ನಮ್ಮ ಪುಟದಲ್ಲಿ ಅವರು ಜಾಹೀರಾತು ಹಾಕಬಹುದು. ಸ್ವಂತ ಹೆಸರು ಜೋಡಿಸಬೇಕಾದರೆ ಹಣ ಕೊಡುವ ಯೋಜನೆಗೆ ಹೋಗಬೇಕು. ವಿಕ್ಸ್ ಎಂಬುದರಲ್ಲೂ ಹೀಗೆಯೇ. ಪುಕ್ಕಟೆ ಮಾಡಿದರೆ ಅವರ ಹೆಸರು, ಅವರ ಜಾಹೀರಾತು ಇರುತ್ತದೆ. ಸ್ವಂತ ಹೆಸರಿಗೂ, ಪುಟದಲ್ಲೇ ಹಣ ಪಡೆಯುವುದಕ್ಕೂ ಹಣ ಕಟ್ಟಬೇಕು.

ಬ್ಲಾಗಿನಲ್ಲಿ ಅಂಗಡಿಯ ವ್ಯವಸ್ಥೆ ಇರುವುದಿಲ್ಲ. ಗಿರಾಕಿ ಅಲ್ಲೇ ವಸ್ತು ಆರಿಸಿ, ಅಲ್ಲೇ ಹಣ ಕಟ್ಟಿ, ರಸೀದಿ ಪಡೆಯುವಂತೆ ಇಲ್ಲ. ಆದರೆ "ಆರ್ಡರ್ ಮಾಡಲು ಇಲ್ಲಿ ಒತ್ತಿ" ಅಂತ ಬರೆದು ಸಂಘದ ವಾಟ್ಸಾಪ್ ನಂಬರಿಗೆ ಜೋಡಿಸಬಹುದು. ತಿಂಗಳಿಗೆ ಹತ್ತು ಇಪ್ಪತ್ತು ಆರ್ಡರ್ ಬರುವ ಸಂಘಕ್ಕೆ ಇದರಿಂದಲೇ ಕೆಲಸ ನಡೆಯುತ್ತದೆ.

3. ಹಣ ಕೊಟ್ಟು ಪಡೆಯುವುದರಲ್ಲಿ ಏನು ನೋಡಬೇಕು?

ಹಣ ಕೊಟ್ಟರೆ ಸಿಗುವ ಅನುಕೂಲಗಳು ನಿಜವಾದವೇ. ಬೇರೆಯವರ ಜಾಹೀರಾತು ಇರುವುದಿಲ್ಲ. ಅಂಗಡಿಯ ವ್ಯವಸ್ಥೆ, ಅಂಚೆ ಖರ್ಚಿನ ಲೆಕ್ಕ, ಆನ್‌ಲೈನ್ ಪಾವತಿ ಇವೆಲ್ಲ ಯೋಜನೆಗೆ ತಕ್ಕಂತೆ ಸಿಗುತ್ತವೆ. ಆದರೆ ಸಹಿ ಹಾಕುವ ಮುನ್ನ ಈ ನಾಲ್ಕು ವಿಷಯ ಕೇಳಿ ತಿಳಿದುಕೊಳ್ಳಿ.

ಒಂದು, ತೋರಿಸುವುದು ತಿಂಗಳ ದರ, ವಸೂಲು ಮಾಡುವುದು ಇಡೀ ವರ್ಷದ್ದು. ಹೀಗೆ ಇರುವುದು ಸಾಮಾನ್ಯ. ಒಟ್ಟು ಎಷ್ಟು ಅಂತ ಕೇಳಿ.

ಎರಡು, ಮೊದಲ ವರ್ಷ ರಿಯಾಯಿತಿ, ಎರಡನೇ ವರ್ಷ ಪೂರ್ತಿ ದರ. ನವೀಕರಣಕ್ಕೆ ಎಷ್ಟು ಅಂತ ಬರೆಸಿಕೊಳ್ಳಿ. ಜಿಎಸ್‌ಟಿ ಶೇಕಡಾ 18 ಸೇರಿದೆಯೋ ಇಲ್ಲವೋ ನೋಡಿ.

ಮೂರು, ಕಾರ್ಡ್ ಕೊಟ್ಟರೆ ವರ್ಷ ಮುಗಿದಾಗ ತಾನಾಗಿಯೇ ಹಣ ಕಡಿತ ಆಗಬಹುದು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹಾಗೆ ಕಡಿತ ಮಾಡುವ 24 ಗಂಟೆ ಮೊದಲು ಖಾತೆದಾರರಿಗೆ ತಿಳಿಸಬೇಕು. ಈ ನಿಯಮ 2021ರ ಅಕ್ಟೋಬರ್‌ನಿಂದ ಕಟ್ಟುನಿಟ್ಟಾಗಿದೆ. ಆದರೆ ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರ್ ಚಾಲ್ತಿಯಲ್ಲಿ ಇಲ್ಲದಿದ್ದರೆ ಮೆಸೇಜ್ ಬಂದು ಏನು ಪ್ರಯೋಜನ?

ನಾಲ್ಕು, ಬಿಟ್ಟು ಹೋಗುವಾಗ ನಮ್ಮ ಸಾಮಾನು ತೆಗೆದುಕೊಂಡು ಹೋಗಬಹುದೇ? ಬ್ಲಾಗರ್, ವರ್ಡ್‌ಪ್ರೆಸ್‌ಗಳಲ್ಲಿ ಬರೆದದ್ದನ್ನೆಲ್ಲ ಇಳಿಸಿಕೊಂಡು ಬೇರೆಡೆ ಹಾಕಬಹುದು. ವಿಕ್ಸ್‌ನಲ್ಲಿ ಮಾಡಿದ ವೆಬ್‌ಸೈಟನ್ನು ಹಾಗೇ ಎತ್ತಿ ಬೇರೆ ಕಂಪನಿಗೆ ಒಯ್ಯಲು ಬರುವುದಿಲ್ಲ, ಹೊಸದಾಗಿ ಕಟ್ಟಬೇಕು.

4. ಲೆಕ್ಕ ಹಾಕಿ ನೋಡೋಣ

ಅರ್ಥವಾಗಲಿ ಎಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ನಿಮ್ಮ ಸಂಘದ ನಿಜವಾದ ಅಂಕಿ ಹಾಕಿ ಇದೇ ಲೆಕ್ಕ ಮಾಡಬೇಕು.

ಒಂದು ಪ್ಯಾಕೆಟ್ ಹಪ್ಪಳದಲ್ಲಿ ಎಲ್ಲ ಖರ್ಚು ಕಳೆದು ಸಂಘಕ್ಕೆ 40 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ.

ಹಣ ಕೊಡುವ ವೆಬ್‌ಸೈಟಿಗೆ ವರ್ಷಕ್ಕೆ 4,000 ರೂ., ಜಿಎಸ್‌ಟಿ 720 ರೂ., ಒಟ್ಟು 4,720 ರೂ. ಆದರೆ, ಆ ಖರ್ಚು ಹುಟ್ಟಲಿಕ್ಕೇ ವರ್ಷಕ್ಕೆ 118 ಪ್ಯಾಕೆಟ್ ಹೆಚ್ಚಿಗೆ ಮಾರಬೇಕು. 119ನೇ ಪ್ಯಾಕೆಟ್‌ನಿಂದ ಲಾಭ ಶುರು.

ಪುಕ್ಕಟೆ ಬ್ಲಾಗಿಗೆ ಸ್ವಂತ ಹೆಸರು ಮಾತ್ರ ಕೊಂಡರೆ, ಹೆಸರಿಗೆ ವರ್ಷಕ್ಕೆ ತೆರಿಗೆ ಸೇರಿ 800 ರೂ. ಎಂದಿಟ್ಟುಕೊಳ್ಳಿ. 20 ಪ್ಯಾಕೆಟ್ ಹೆಚ್ಚಿಗೆ ಮಾರಿದರೆ ಖರ್ಚು ಬಂತು.

ದರ ಏರದೆ ಇದ್ದರೂ ಮೂರು ವರ್ಷಕ್ಕೆ ಮೊದಲನೆಯದಕ್ಕೆ 14,160 ರೂ., ಎರಡನೆಯದಕ್ಕೆ 2,400 ರೂ. ವ್ಯತ್ಯಾಸ 11,760 ರೂ. ಅಷ್ಟು ಹಣದಲ್ಲಿ ಒಬ್ಬ ಸದಸ್ಯೆಗೆ ಆಂತರಿಕ ಸಾಲ ಕೊಡಬಹುದು. ಇದರ ಅರ್ಥ ಹಣ ಹಾಕಲೇಬಾರದು ಅಂತಲ್ಲ. ಹೊರಗಿನ ಗಿರಾಕಿಗಳಿಂದ ಅಷ್ಟು ಮಾರಾಟ ಬರುತ್ತದೆ ಅಂತ ಪುಸ್ತಕದಲ್ಲಿ ಕಂಡ ಮೇಲೆ ಹಾಕಿ ಅಂತ.

5. ಎಲ್ಲಕ್ಕಿಂತ ಮುಖ್ಯವಾದದ್ದು ಹೆಸರು

ಒಂದು ಕಲ್ಪಿತ ಉದಾಹರಣೆ ನೋಡಿ. ಒಂದು ಸಂಘದವರು ಊರಿನ ಕಲಿತ ಹುಡುಗನಿಂದ ವೆಬ್‌ಸೈಟ್ ಮಾಡಿಸಿದರು. ಅವನು ಒಳ್ಳೆಯವನೇ. ತನ್ನ ಜಿಮೇಲ್, ತನ್ನ ಫೋನ್ ನಂಬರ್ ಹಾಕಿಯೇ ಎಲ್ಲ ಮಾಡಿಕೊಟ್ಟ. ಸಂಘದವರು ಖುಷಿಯಿಂದ 2,000 ಕವರ್‌ಗಳ ಮೇಲೆ ಆ ವಿಳಾಸ ಅಚ್ಚು ಹಾಕಿಸಿದರು. ಮುಂದಿನ ವರ್ಷ ಹುಡುಗ ಕೆಲಸಕ್ಕೆ ಬೆಂಗಳೂರಿಗೆ ಹೋದ, ನಂಬರ್ ಬದಲಾಯಿತು. ಹಣ ಕಟ್ಟಿ ಅಂತ ಬಂದ ಮೇಲ್ ಯಾರೂ ನೋಡಲಿಲ್ಲ. ಅವಧಿ ಮುಗಿಯಿತು, ಹೆಸರು ಕೈತಪ್ಪಿತು. ಕವರ್ ಮೇಲಿನ ವಿಳಾಸ ಒತ್ತಿದ ಗಿರಾಕಿಗೆ ಕಾಣಿಸುವುದು ಬೇರೆಯವರ ಪುಟ. ಇಲ್ಲಿ ಯಾರೂ ಮೋಸ ಮಾಡಲಿಲ್ಲ. ಆದರೂ ಸಂಘಕ್ಕೆ ನಷ್ಟವಾಯಿತು.

ಕಂಪನಿಗಳೂ ಮುಚ್ಚುತ್ತವೆ. ಪುಕ್ಕಟೆ ಪುಟಗಳಿಗೆ ಹೆಸರಾಗಿದ್ದ ಜಿಯೋಸಿಟೀಸ್ ಅನ್ನು ಯಾಹೂ ಕಂಪನಿ 2009ರಲ್ಲಿ ಮುಚ್ಚಿತು. ನಮ್ಮ ಮಕ್ಕಳೆಲ್ಲ ಬಳಸುತ್ತಿದ್ದ ಆರ್ಕುಟ್ 2014ರಲ್ಲಿ ಮುಚ್ಚಿತು. ಚಿಕ್ಕ ಅಂಗಡಿಗಳಿಗೆ ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಮೂಲಕ ಕೊಡುತ್ತಿದ್ದ ಪುಕ್ಕಟೆ ವೆಬ್‌ಸೈಟುಗಳು 2024ರ ಮಾರ್ಚ್‌ನಲ್ಲಿ ನಿಂತವು. ಆದರೆ ಹೆಸರು ನಮ್ಮದಾಗಿದ್ದರೆ, ಜಗಲಿ ಹೋದರೂ ಬೋರ್ಡ್ ಎತ್ತಿಕೊಂಡು ಬೇರೆ ಕಡೆ ಹೋಗಬಹುದು. ಗಿರಾಕಿಗೆ ಹಳೆಯ ವಿಳಾಸವೇ ಸಾಕು.

ಆದ್ದರಿಂದ ಖರ್ಚು ಮಾಡುವ ಮೊದಲ ರೂಪಾಯಿ ಹೆಸರಿಗೆ ಹೋಗಲಿ. ಸಂಘದ ಹೆಸರು ಚಿಕ್ಕದಾಗಿ, ಹೇಳಲು ಸುಲಭವಾಗಿ ಇರಲಿ. ನಮ್ಮ ದೇಶದ "ಡಾಟ್ ಇನ್" ಹೆಸರುಗಳನ್ನು ನಿಕ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಮಾರುವುದು ಅದರ ಮಾನ್ಯತೆ ಪಡೆದ ಕಂಪನಿಗಳು. ಹೆಸರು ಪೂರ್ತಿಯಾಗಿ ಕೊಳ್ಳಲು ಬರುವುದಿಲ್ಲ, ವರ್ಷಗಳ ಲೆಕ್ಕದಲ್ಲಿ ನವೀಕರಿಸುತ್ತಾ ಹೋಗಬೇಕು.

6. ಬೀಗದ ಕೈ ಯಾರ ಹತ್ತಿರ?

ಸಂಘದ ಪೆಟ್ಟಿಗೆಯ ಕೀಲಿಕೈ ಒಬ್ಬರ ಹತ್ತಿರ, ಪೆಟ್ಟಿಗೆ ಇನ್ನೊಬ್ಬರ ಹತ್ತಿರ ಇಡುವ ಕ್ರಮ ನಿಮಗೆ ಗೊತ್ತು. ಇಲ್ಲೂ ಅದೇ ಎಚ್ಚರಿಕೆ ಬೇಕು.

• ಸಂಘದ ಹೆಸರಿನಲ್ಲೇ ಹೊಸ ಜಿಮೇಲ್ ತೆರೆಯಿರಿ. ಯಾರ ಸ್ವಂತ ಮೇಲ್ ಕೂಡ ಬೇಡ.
• ಇಬ್ಬರು ಪ್ರತಿನಿಧಿಗಳಿಗೆ ಅದನ್ನು ತೆರೆಯಲು ಬರಬೇಕು. ಒಬ್ಬರಿಗೆ ಮಾತ್ರ ಬಂದರೆ ಸಾಲದು.
• ಪಾಸ್‌ವರ್ಡನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಡಿ, ಅದನ್ನು ತುಂಬ ಜನ ನೋಡುತ್ತಾರೆ. ಕಾಗದದಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ, ಮೇಲೆ ಇಬ್ಬರ ಸಹಿ ಮಾಡಿ ಪೆಟ್ಟಿಗೆಯಲ್ಲಿಡಿ.
• ಪ್ರತಿನಿಧಿಗಳು ಬದಲಾದ ದಿನವೇ ಪಾಸ್‌ವರ್ಡ್ ಮತ್ತು ಫೋನ್ ನಂಬರ್ ಬದಲಾಯಿಸಿ.
• ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ತಿಂಗಳಿಗೊಮ್ಮೆಯಾದರೂ ಸಭೆಯಲ್ಲಿ ಮೇಲ್ ತೆರೆದು ನೋಡಿ.
• ಹೆಸರು ನವೀಕರಿಸುವ ತಾರೀಕನ್ನು ಸಾಲದ ಕಂತಿನ ಹಾಗೆ ನಡಾವಳಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ.

7. ಪುಟದಲ್ಲಿ ಏನಿರಬೇಕು, ಏನಿರಬಾರದು?

ವಸ್ತುವಿನ ಫೋಟೋ, ತೂಕ, ಬೆಲೆ, ಎಷ್ಟು ದಿನ ಇಡಬಹುದು, ಅಂಚೆಗೆ ಎಷ್ಟು, ಆರ್ಡರ್ ನಂಬರ್ ಇಷ್ಟಿದ್ದರೆ ಸಾಕು. ತಿನ್ನುವ ಪದಾರ್ಥ ಮಾಡುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ ಆ ಸಂಖ್ಯೆಯನ್ನೂ ಹಾಕಿ. ಗಿರಾಕಿಗೆ ನಂಬಿಕೆ ಬರುತ್ತದೆ.

ಸದಸ್ಯೆಯರ ಫೋಟೋವನ್ನು ಅವರನ್ನು ಕೇಳದೆ ಹಾಕಬೇಡಿ. ಆಧಾರ್, ಪಾಸ್‌ಬುಕ್, ಮನೆ ವಿಳಾಸ ಯಾವುದನ್ನೂ ಹಾಕಬೇಡಿ. ಹಣ ಸಂಘದ ಬ್ಯಾಂಕ್ ಖಾತೆಗೇ ಬರಲಿ. "ಹಣ ಕಳಿಸ್ತೀನಿ, ಪಿನ್ ಹಾಕಿ" ಅಂತ ಯಾರಾದರೂ ಅಂದರೆ ಫೋನ್ ಇಟ್ಟುಬಿಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗಿಲ್ಲ. ಮೋಸ ಆಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ.

8. ಹಾಗಾದರೆ ಯಾವುದು ಆರಿಸಬೇಕು?

ಗಿರಾಕಿಗಳೆಲ್ಲ ಅಕ್ಕಪಕ್ಕದ ಊರಿನವರೇ ಆಗಿದ್ದರೆ ಸದ್ಯಕ್ಕೆ ವೆಬ್‌ಸೈಟೇ ಬೇಡ. ವಾಟ್ಸಾಪ್ ಬಿಸಿನೆಸ್‌ನಲ್ಲಿ ವಸ್ತುಗಳ ಪಟ್ಟಿಯನ್ನು ಪುಕ್ಕಟೆ ಇಡಬಹುದು, ಅದು ಸಾಕು.

ಹೊರ ಊರಿನಿಂದ ಆಗಾಗ ಕೇಳುತ್ತಾರೆ ಅನ್ನುವವರು ಸ್ವಂತ ಹೆಸರು ಕೊಂಡು ಪುಕ್ಕಟೆ ಬ್ಲಾಗಿಗೆ ಜೋಡಿಸಿ. ಒಂದು ವರ್ಷ ನಡೆಸಿ. ಯಾವ ಆರ್ಡರ್ ಎಲ್ಲಿಂದ ಬಂತು ಅಂತ ಪುಸ್ತಕದಲ್ಲಿ ಬರೆಯಿರಿ.

ದಿನಾ ಆರ್ಡರ್ ಬರುತ್ತಿದೆ, ವಾಟ್ಸಾಪ್‌ನಲ್ಲಿ ಲೆಕ್ಕ ತಪ್ಪುತ್ತಿದೆ, ಸಂಘದಲ್ಲೇ ಇಬ್ಬರಿಗೆ ಪುಟ ತಿದ್ದಲು ಬರುತ್ತದೆ. ಈ ಮೂರೂ ಇದ್ದರೆ ಹಣ ಕೊಡುವ ವೆಬ್‌ಸೈಟಿಗೆ ಹೋಗಿ. ಒಂದೊಂದು ಸಂಘಕ್ಕೆ ಭಾರವಾದರೆ ಒಕ್ಕೂಟದ ಮಟ್ಟದಲ್ಲಿ ಹತ್ತು ಸಂಘ ಸೇರಿ ಒಂದೇ ವೆಬ್‌ಸೈಟ್ ಮಾಡಿಕೊಳ್ಳಬಹುದು.

ಠರಾವಿನ ಮಾದರಿ

"ಸಂಘದ ವಸ್ತುಗಳ ಮಾರಾಟಕ್ಕಾಗಿ ಸಂಘದ ಹೆಸರಿನಲ್ಲಿ ವೆಬ್ ವಿಳಾಸ ಕೊಳ್ಳಲು ____ ರೂ. ಖರ್ಚು ಮಾಡಲು ಸಭೆಯು ಒಪ್ಪಿರುತ್ತದೆ. ಇದರ ಮೇಲ್ ಖಾತೆ ಮತ್ತು ಪಾಸ್‌ವರ್ಡ್ ಸಂಘದ ಆಸ್ತಿಯಾಗಿರುತ್ತದೆ. ಶ್ರೀಮತಿ ____ ಮತ್ತು ಶ್ರೀಮತಿ ____ ಇವರು ಜವಾಬ್ದಾರರಾಗಿರುತ್ತಾರೆ. ನವೀಕರಣದ ತಾರೀಕು ____. ಮುಂದಿನ ಖರ್ಚನ್ನು ಒಂದು ವರ್ಷದ ಮಾರಾಟದ ಲೆಕ್ಕ ನೋಡಿದ ನಂತರವೇ ತೀರ್ಮಾನಿಸಲಾಗುವುದು."

ಸಭೆಯಲ್ಲಿ ಚರ್ಚೆಗೆ

1. ಕಳೆದ ಆರು ತಿಂಗಳಲ್ಲಿ ನಮ್ಮ ತಾಲೂಕಿನ ಹೊರಗಿನಿಂದ ಎಷ್ಟು ಆರ್ಡರ್ ಬಂದಿವೆ?
2. ಒಂದು ಪ್ಯಾಕೆಟ್‌ಗೆ ನಮಗೆ ನಿಜವಾಗಿ ಉಳಿಯುವ ಹಣ ಎಷ್ಟು? ವೆಬ್‌ಸೈಟಿನ ಖರ್ಚು ಹುಟ್ಟಲು ಎಷ್ಟು ಪ್ಯಾಕೆಟ್ ಮಾರಬೇಕು?
3. ಈಗ ಸಂಘದ ಮೇಲ್ ಅಥವಾ ವಾಟ್ಸಾಪ್ ಯಾರ ನಂಬರಿನಲ್ಲಿದೆ? ಅವರು ಊರು ಬಿಟ್ಟರೆ ಏನು ಮಾಡುತ್ತೇವೆ?
4. ಪುಟ ನೋಡಿಕೊಳ್ಳಲು ಕಲಿಯುವ ಇಬ್ಬರು ಯಾರು? ಮೊಬೈಲ್ ಬಳಸಲು ಹಿಂಜರಿಯುವ ಸದಸ್ಯೆಯೊಬ್ಬರೂ ಅದರಲ್ಲಿ ಇರಲಿ.