ಆತಕೂರಿನ ಕಾಳಿ: ಒಂದು ಶಾಸನ ಪಾಠ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ವಿದ್ಯಾರ್ಥಿಗಳಿಗೆ ವೀರಗಲ್ಲು ಅಪರಿಚಿತ ವಸ್ತುವಲ್ಲ. ತುರುಗಳನ್ನು ಕಾಯುತ್ತ, ಊರನ್ನು ರಕ್ಷಿಸುತ್ತ ಮಡಿದ ವೀರರಿಗೆ ಕಲ್ಲು ನೆಟ್ಟು ಪೂಜಿಸಿದ ನಾಡು ಕನ್ನಡ ನಾಡು. ಆ ಗೌರವವು ಮನುಷ್ಯರಿಗಷ್ಟೇ ಮೀಸಲಾಗಿರಲಿಲ್ಲವೆಂಬುದಕ್ಕೆ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರು ಶಾಸನವೇ ಸಾಕ್ಷಿ. ಅದು ಒಂದು ನಾಯಿಗೆ ನಿಲ್ಲಿಸಿದ ಸ್ಮಾರಕ.

ಶಾಸನದ ಕಾಲ ಶಕ 872ನೆಯ ಸೌಮ್ಯ ಸಂವತ್ಸರ, ಎಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಗಂಗ ದೊರೆ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದನು. ಮೆಚ್ಚಿದ ಕೃಷ್ಣನು ಅವನಿಗೆ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನಿತ್ತನು. ಇಂದು ಶಿರಸಿ ತಾಲೂಕಿನಲ್ಲಿರುವ ಬನವಾಸಿಯ ಹೆಸರು ಈ ಕಲ್ಲಿನ ಮೇಲಿರುವುದು ಹೀಗೆ.

ಅದೇ ಯುದ್ಧದಲ್ಲಿ ಬೂತುಗನ ಆಳು ಮಣಲೇರನು ಪರಾಕ್ರಮ ತೋರಿದನು. ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಮಣಲೇರನು ಬೇಡಿದ್ದು ಬೂತುಗನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು! ನಾಡುಗಳನ್ನೇ ಹಂಚುತ್ತಿದ್ದ ಹೊತ್ತಿನಲ್ಲಿ ನಾಯಿಯನ್ನು ಬೇಡಿದ ಆ ವೀರನ ಮನಸ್ಸು ಗಮನಾರ್ಹವಾದುದು. ಮುಂದೆ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿಡಲು, ನಾಯಿಯೂ ಹಂದಿಯೂ ಸೆಣಸಿ ಒಡನೆಯೇ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ, ನಾಯಿ ಹಂದಿಗಳ ಕಾಳಗವನ್ನು ಕೆತ್ತಿದ ಈ ಕಲ್ಲನ್ನು ನಿಲ್ಲಿಸಲಾಯಿತು.

ಬೂತುಗನು ಮಣಲೇರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ‘ಬಾಳ್ಗಚ್ಚು’ ಆಗಿ ಕೊಟ್ಟನೆಂದೂ ಶಾಸನ ಹೇಳುತ್ತದೆ. ಬಾಳ್ ಎಂದರೆ ಖಡ್ಗ. ಕಚ್ಚು ಎಂದರೆ ತೊಳೆ. ಸಂಧಿಯಲ್ಲಿ ಕಕಾರಕ್ಕೆ ಗಕಾರ ಆದೇಶ. ಯುದ್ಧದಿಂದ ಮರಳಿದವನ ಖಡ್ಗವನ್ನು ತೊಳೆದು ಕೊಡುವ ದತ್ತಿ ಎಂಬುದು ಇದರ ಭಾವ.

ಇಲ್ಲಿಯ ಮುಖ್ಯ ಪಾಠವು ಕಲ್ಲಿನ ಸಂರಕ್ಷಣೆಯ ಏರ್ಪಾಡಿನಲ್ಲಿದೆ. ಕಲ್ಲು ನೆಟ್ಟವರು ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಅದರ ಪೂಜೆಗೆಂದು ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನು ಕೆಡಿಸಿದವನೂ, ಈ ಕಲ್ಲನ್ನು ಪೂಜಿಸದೆ ಉಂಡ ಗೊರವನೂ ನಾಯಿಯ ಪಾಪಕ್ಕೆ ಗುರಿಯಾಗುವರೆಂದು ವಿಧಿಸಿದರು. ಗೊರವನೆಂದರೆ ಶೈವ ಅರ್ಚಕ. ನೆನಪು ಉಳಿಯಬೇಕಾದರೆ ಭಾವನೆಯೊಂದೇ ಸಾಲದು; ದತ್ತಿಯೂ ಬೇಕು, ನಿತ್ಯಕರ್ತವ್ಯವೂ ಬೇಕು ಎಂಬುದನ್ನು ಹತ್ತನೆಯ ಶತಮಾನದ ಜನ ಅರಿತಿದ್ದರು. ವಿದ್ಯಾದಾನಕ್ಕೆ ದತ್ತಿಯಿತ್ತವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಇಂಥ ಬಾಂಧವ್ಯವು ಶಾಸನಕಾಲಕ್ಕೇ ಮುಗಿಯಲಿಲ್ಲ. 2015ರಲ್ಲಿ ಕಾಶ್ಮೀರದ ತಂಗಧಾರ್ ವಲಯದಲ್ಲಿ ನುಸುಳುಕೋರರನ್ನು ಪತ್ತೆಹಚ್ಚಿದ ಸೇನೆಯ ನಾಯಿ ಮಾನ್ಸಿಯೂ ಅದನ್ನು ನಡೆಸುತ್ತಿದ್ದ ಯೋಧ ಬಶೀರ್ ಅಹ್ಮದ್ ವಾರ್ ಅವರೂ ಒಂದೇ ಕಾರ್ಯಾಚರಣೆಯಲ್ಲಿ ಮಡಿದರು. ಮಾನ್ಸಿಗೆ ಮರಣೋತ್ತರವಾಗಿ ಸೇನೆಯ ಗೌರವೋಲ್ಲೇಖ ಸಂದಿತು. ಕನ್ನಡ ನಾಡಿನ ಮುಧೋಳ ತಳಿಯ ನಾಯಿಗಳೂ ಇತ್ತೀಚಿನ ವರ್ಷಗಳಲ್ಲಿ ಸೇನೆಯ ತರಬೇತಿಯನ್ನು ಪಡೆದಿವೆ.

ಆತಕೂರಿನ ಕಲ್ಲನ್ನು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ತಂದು ರಕ್ಷಿಸಲಾಗಿದೆ. ಆದರೆ ಎಲ್ಲ ಕಲ್ಲುಗಳಿಗೂ ಆ ಭಾಗ್ಯವಿಲ್ಲ. ಊರಿನ ತೋಟದ ಅಂಚಿನಲ್ಲೋ ಗುಡಿಯ ಹಿಂದೆಯೋ ಪಾಚಿಗಟ್ಟಿ ನಿಂತ ಕಲ್ಲನ್ನು ಬಟ್ಟೆ ಒಗೆಯಲು ಬಳಸದೆ, ಅದರಲ್ಲಿ ಕೆತ್ತಿದ್ದೇನೆಂದು ಗುರುಗಳೊಡನೆ ಹೋಗಿ ನೋಡುವ ವಿದ್ಯಾರ್ಥಿಯೇ ಇಂದಿನ ಗೊರವ. ಕಾಳಿಯ ಪೂಜೆಯ ಹೊಣೆ ಈಗ ಅವನ ಪಾಲಿಗೆ ಬಂದಿದೆ.